ತುಳಸಿಯವರ ಮನೆಯ ಬೆಲ್ಲ

ಸೈದಾಪುರ
ಏಪ್ರಿಲ್ 9, 2025

ಸಿಟ್ಟಿನಿಂದ ಫೋನ್ ಇಟ್ಟ ಅಪ್ಪನಿಗೆ, ಅಷ್ಟೇ ಸಿಟ್ಟಿನಲ್ಲಿರುವ ಸರೋಜಾಳ ನಮಸ್ಕಾರ.

ಇನ್ನು ಮೇಲೆ ಈ ವಿಷಯ ಫೋನಿನಲ್ಲಿ ಬೇಡ ಅಪ್ಪಾ. "ಊಟ ಆತೇನು" ಎಂದು ಶುರು ಮಾಡುತ್ತೇವೆ, ನಾಲ್ಕನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ನಿನ್ನೆ ನಾನು ವಾರ್ಡಿನ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಜ್ವರದ ಪೇಶಂಟ್ ಒಬ್ಬ ಎದ್ದು ಬಂದು ನನಗೇ ನೀರು ಕೊಟ್ಟ. ನರ್ಸಿಗೆ ಇದಕ್ಕಿಂತ ಮರ್ಯಾದೆಗೇಡು ಇದೆಯೇ? ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ, ನನ್ನ ಮಾತು ಕೊನೆಯವರೆಗೂ ಕೇಳಲೇಬೇಕು.

ಹುಡುಗನ ಹೆಸರು ಉಮಾಕಾಂತ. ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ, ಇಲ್ಲೇ ಸೈದಾಪುರದಲ್ಲಿ ಬಾಡಿಗೆಗಿದ್ದ. ಒಮ್ಮೆ ಕೆಲಸದಲ್ಲಿ ಕೈ ಕೊಯ್ದುಕೊಂಡು ನಮ್ಮ ಆಸ್ಪತ್ರೆಗೆ ಬಂದಿದ್ದ. ಹೊಲಿಗೆ ಹಾಕುವಾಗ ಎಲ್ಲರೂ ದೇವರನ್ನು ಕರೆಯುತ್ತಾರೆ, ಇವನು ಬಂಗುಡೆ ಸಾರು ಮಾಡುವುದು ಹೇಗೆ ಎಂದು ಹೇಳುತ್ತ ಕೂತಿದ್ದ. ಊರು ಅಂಕೋಲೆ. ಜಾತಿ ಬೇರೆ, ಮೀನುಗಾರರು. ತಂದೆ ಇಲ್ಲ. ತಾಯಿ ತುಳಸಿಯವರು ಒಣಮೀನು ಮಾರುತ್ತಾರೆ. ಫೆಬ್ರವರಿಯಲ್ಲಿ ಅವನು ಊರಿಗೇ ಮರಳಿ ಅಲ್ಲಿಯ ಐಸ್ ಫ್ಯಾಕ್ಟರಿಗೆ ಸೇರಿದ. ಮದುವೆಯಾದರೆ ನಾನೂ ಅಲ್ಲಿಗೇ ವರ್ಗಾವಣೆ ಕೇಳಬೇಕು.

ಇಷ್ಟೇ ವಿಷಯ. ಕದ್ದು ಮದುವೆಯಾಗುವವಳು ನಾನಲ್ಲ. ನೀನು ಹೌದು ಅನ್ನದೆ ಅರ್ಜಿ ಕೊಡುವುದಿಲ್ಲ. ಬೇಡ ಅನ್ನುವುದಾದರೆ ಯಾಕೆ ಬೇಡ ಎಂದು ಹೇಳು. "ನೋಡೂಣು" ಅನ್ನುವುದು ಮಾತ್ರ ಉತ್ತರವಲ್ಲ. ಅವ್ವ ಹೋದಾಗಿನಿಂದ ನೀನು ಹಲ್ಲುನೋವಿಗೂ ನೋಡೂಣು, ಮನೆ ಸುಣ್ಣಕ್ಕೂ ನೋಡೂಣು. ನನ್ನ ಬಾಳನ್ನು ಆ ಸಾಲಿಗೆ ಸೇರಿಸಬೇಡ.

ಬಿಪಿ ಗುಳಿಗೆ ತಪ್ಪಿಸಬೇಡ.

ನಿನ್ನ ಮಗಳು,
ಸರೋಜಾ


ಶಹಾಪುರ
ಏಪ್ರಿಲ್ 22, 2025

ಹಟಮಾರಿ ಮಗಳಿಗೆ ಆಶೀರ್ವಾದ. ಅದು ಯಾವಾಗಲೂ ಇದ್ದದ್ದೇ, ಮದುವೆಗೆ ಒಪ್ಪಿಗೆ ಎಂದು ತಿಳಿಯಬೇಡ.

ನಿನ್ನ ಕಾಗದ ಬಂತು. ಓದಿದೆ. ಅದಕ್ಕೆ ಉತ್ತರ ಆಮೇಲೆ. ಈಗ ಬೇರೆ ಸುದ್ದಿ.

ಮೈನುದ್ದೀನನ ಗಾಡಿ ತಯಾರಾಯಿತು. ಅವನ ಗ್ಯಾರೇಜಿನ ಹಿಂದೆ ಬೇವಿನ ಮರದ ಕೆಳಗೆ ಒಂದು ಹಳೇ ಶಾಲಾ ವ್ಯಾನು ಬಿದ್ದಿತ್ತಲ್ಲ, ಅದನ್ನೇ ಮನೆ ಮಾಡಿದ್ದಾನೆ. ಒಳಗೆ ಎರಡು ಹಲಗೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ತಲೆ ಮೇಲೊಂದು ಪಂಖಾ. ಪರದೆಯನ್ನು ಅವನ ಹೆಂಡತಿ ಹಳೇ ಸೀರೆಯಲ್ಲಿ ಹೊಲಿದು ಕೊಟ್ಟಿದ್ದಾಳೆ. ಇಡೀ ಓಣಿ ಬಂದು ನೋಡಿ ಹೋಯಿತು. ಮೈನುದ್ದೀನ ಹುಟ್ಟಿದಾಗಿನಿಂದ ಸಮುದ್ರ ನೋಡಿಲ್ಲವಂತೆ, ಇನ್ನು ತಡೆಯಲಾರೆ ಅನ್ನುತ್ತಾನೆ. ಜೊತೆಗೆ ನನ್ನನ್ನು ಎಳೆಯುತ್ತಿದ್ದಾನೆ. ಪಶು ಆಸ್ಪತ್ರೆಯ ಕಂಪೌಂಡರ್ ಕೆಲಸದಿಂದ ನಿವೃತ್ತನಾದವನಿಗೆ ಮನೆಯಲ್ಲಿ ಏನು ಘನಂದಾರಿ ಕೆಲಸ ಎಂದು ಕೇಳಿದ. ಗಂಟು ಕಟ್ಟತೊಡಗಿದ್ದೇನೆ.

ಸಮುದ್ರ ಬಹಳ ಕಡೆ ಇದೆ. ಅವನಾಗಿಯೇ ಅಂಕೋಲೆ ಅಂದ. ನಾನು ಹೇಳಿಕೊಟ್ಟದ್ದಲ್ಲ. ನೀನು ನಗುತ್ತಿದ್ದರೆ ನಿಲ್ಲಿಸು.

ನಿಮ್ಮ ಅಜ್ಜ ಕುರಿ ಹೊಡೆದುಕೊಂಡು ಹೊಸ ಸೀಮೆಗೆ ಹೋಗುವ ಮೊದಲು ತಾನೊಬ್ಬನೇ ಹೋಗಿ ನೋಡಿ ಬರುತ್ತಿದ್ದ. ತಾನು ಯಾರು ಎಂದು ಹೇಳುತ್ತಿರಲಿಲ್ಲ. ನೀರು ಹೇಗಿದೆ, ಮೇವು ಹೇಗಿದೆ, ಹೊಲದವರ ಮಾತು ಹೇಗಿದೆ ಎಂದು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಕುರಿ ಏಳಿಸುತ್ತಿದ್ದ. ಈಗಲೂ ನಿನ್ನ ಕಾಕಾ ಬೀರೇಶ ಹಾಗೇ ಮಾಡುತ್ತಾನೆ. ಸುಮ್ಮನೆ ನೆನಪಾಯಿತು, ಬರೆದೆ.

ಆ ಹುಡುಗನಿಗೆ ಏನೂ ಹೇಳಕೂಡದು.

ನಿನ್ನ ಅಪ್ಪ,
ಹಣಮಂತ್ರಾಯ


ಅಂಕೋಲೆ
ಮೇ 3, 2025

ಸರೂ,

ಗಾಳಿಮರದ ತೋಪಿನಲ್ಲಿ ಗಾಡಿ ನಿಲ್ಲಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮೈನುದ್ದೀನ ಅನ್ನಕ್ಕೆ ಇಟ್ಟಿದ್ದಾನೆ. ನಿನ್ನೆ ಇಡೀ ದಿನ ಊರು ಸುತ್ತಿದೆ. ಮರೆಯುವ ಮೊದಲು ಎಲ್ಲವನ್ನೂ ಬರೆದುಬಿಡುತ್ತೇನೆ.

ಬೆಳಗ್ಗೆ ಎದ್ದ ಕೂಡಲೇ ಮೈನುದ್ದೀನ ಪೈಜಾಮ ಮೊಣಕಾಲಿಗೆ ಏರಿಸಿ ನೀರಿಗೆ ಹೋಗಿ ನಿಂತ. ಕರೆದರೂ ತಿರುಗಲಿಲ್ಲ. ನಾನು ಹೆದರಿ, "ಏನಾತೋ?" ಎಂದು ಕೇಳಿದೆ. "ಇಷ್ಟ್ ನೀರ್ ಇಟ್ಟು ಒಂದ್ ತಂಬಿಗಿ ಕುಡ್ಯಾಕ ಬರಂಗಿಲ್ಲಂದ್ರ ಹ್ಯಾಂಗಪಾ ಹಣಮಂತ್ರಾಯ," ಅಂದ. ಅವನ ಕಣ್ಣಲ್ಲಿ ನೀರಿತ್ತು. ಉಪ್ಪುಗಾಳಿಗೆ ಎಂದು ಹೇಳಿದ, ನಾನು ಹೌದು ಅಂದೆ.

ಇಲ್ಲಿಯ ಬಿಸಿಲು ನಮ್ಮ ಬಿಸಿಲಿನಂತಲ್ಲ ಮಗಳೇ. ನಮ್ಮದು ಎದುರಿಗೆ ಬಂದು ಹೊಡೆಯುತ್ತದೆ, ನೆರಳಿಗೆ ಹೋದರೆ ಬಿಟ್ಟುಬಿಡುತ್ತದೆ. ಇಲ್ಲಿ ನೆರಳಲ್ಲೂ ಬೆವರು. ಒಂಬತ್ತು ಗಂಟೆಗೆ ಅಂಗಿ ಹಿಂಡುವಂತಾಯಿತು. ಖಾನಾವಳಿಯಲ್ಲಿ ರೊಟ್ಟಿ ಕೇಳಿದೆ, ಮೈದಾದ ಉಬ್ಬಿದ ಬನ್ಸು ತಂದಿಟ್ಟ. ಮೈನುದ್ದೀನ ನಾಲ್ಕು ತಿಂದ. ನನಗೆ ಒಂದೇ ಸಾಕಾಯಿತು, ಆದರೆ ರುಚಿಯಿತ್ತು ಎಂದು ಒಪ್ಪಿಕೊಳ್ಳಬೇಕು.

ಪೇಟೆಯಲ್ಲಿ ಮಾವಿನಹಣ್ಣಿನ ಕಾಲ. ಈಶಾಡ ಎಂದು ಒಂದು ಹಣ್ಣು, ಬಿದಿರ ಬುಟ್ಟಿಯಲ್ಲಿ ಎಲೆ ಹಾಸಿ ಇಟ್ಟುಕೊಂಡು ರಸ್ತೆಯ ಪಕ್ಕ ಹೆಂಗಸರು ಕೂತಿರುತ್ತಾರೆ. ಕತ್ತಿನ ತುಂಬ ಮಣಿಸರ. ಒಬ್ಬಾಕೆ ನನ್ನ ಮಾತು ಕೇಳಿ, "ನಿಮ್ಮದು ಯಾವ ಬದಿ?" ಎಂದಳು. ಯಾದಗಿರಿ ಅಂದರೆ ಗೊತ್ತಾಗಲಿಲ್ಲ. ಕಲಬುರಗಿ ಹತ್ತಿರ ಅಂದೆ. "ಅಯ್ಯೋ, ಅಲ್ಲಿ ಬಿಸಿಲು ಜಾಸ್ತಿ ಅಲ್ದಾ," ಎಂದು ಒಂದು ಹಣ್ಣು ಹೆಚ್ಚು ಹಾಕಿದಳು. ನಮ್ಮ ಬಿಸಿಲಿಗೆ ಇಷ್ಟು ಬೆಲೆ ಬಂದದ್ದು ಇದೇ ಮೊದಲು.

ಮೀನು ಪೇಟೆಗೂ ಹೋದೆ. ವಾಸನೆಯ ವಿಷಯ ಬರೆಯುವುದಿಲ್ಲ, ನೀನು ಬೈಯುತ್ತೀ. ಕುರಿಹಟ್ಟಿಯಲ್ಲಿ ಹುಟ್ಟಿದವನು ವಾಸನೆಯ ಬಗ್ಗೆ ಮಾತಾಡಬಾರದು ಎಂದು ಮೈನುದ್ದೀನನೂ ಹೇಳಿದ. ಅಲ್ಲಿಂದ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ನೀನು ಮುಂದೆ ಕೆಲಸ ಮಾಡುವ ಜಾಗ ನೋಡಬೇಕಲ್ಲ. ಒಬ್ಬ ನರ್ಸು ಬಂದು, "ಅಜ್ಜ, ಚೀಟಿ ಮಾಡಿಸಿದ್ರಾ?" ಎಂದಳು. ಇಲ್ಲ, ಸುಮ್ಮನೆ ಕೂತೆ ಅಂದರೆ ನಂಬಲಿಲ್ಲ. ಕೈಗೆ ಪಟ್ಟಿ ಸುತ್ತಿ ಬಿಪಿ ನೋಡಿಯೇಬಿಟ್ಟಳು. ಹೆಚ್ಚಿದೆಯಂತೆ. "ಮನೇಲಿ ಯಾರಿದಾರೆ? ಉಪ್ಪು ಕಡಿಮೆ ಮಾಡ್ಲಿಕ್ಕೆ ಹೇಳಿ," ಎಂದಳು. ಮಗಳಿದ್ದಾಳೆ, ನರ್ಸು, ದಿನಾ ಹೇಳುತ್ತಾಳೆ ಅಂದೆ. ಆ ನರ್ಸುಗಳು ಒಬ್ಬರಿಗೊಬ್ಬರು ಚೇಷ್ಟೆ ಮಾಡಿಕೊಂಡು ಕೆಲಸ ಮಾಡುತ್ತಾರೆ. ಹಿಂದೆ ಹಲಸಿನ ಮರ, ಬಾವಿ ತುಂಬ ನೀರು. ಇಲ್ಲಿ ನಮ್ಮ ಹುಡುಗಿ ಸುಖವಾಗಿರುತ್ತಾಳೆ ಎಂದು ಅನ್ನಿಸಿತು. ಅನ್ನಿಸಿದ ಕೂಡಲೇ ಅಲ್ಲಿ ಕೂರಲಾಗಲಿಲ್ಲ, ಎದ್ದು ಬಂದೆ.

ಮಧ್ಯಾಹ್ನ ಅವರ ಮನೆ ಹುಡುಕಿದೆವು. ಒಣಮೀನು ಬೇಕಾಗಿತ್ತು ಎಂದು ನೆಪ. ಹಂಚಿನ ಸಣ್ಣ ಮನೆ. ಅಂಗಳದ ತುಂಬ ಚಾಪೆ ಹಾಸಿ ಮೀನು ಒಣಗಲು ಹಾಕಿದ್ದಾರೆ, ಮೇಲೆ ಹಳೇ ಬಲೆ. ಆಕೆ ಬಾಗಿಲಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದರು. ಮಗ ಕೆಲಸಕ್ಕೆ ಹೋಗಿದ್ದ. ನಮ್ಮನ್ನು ಕಂಡದ್ದೇ ಎದ್ದು, "ಬನ್ನಿ, ಎಂತ ಬಿಸಿಲು. ಮೊದ್ಲು ಒಳಗೆ ಬನ್ನಿ," ಎಂದು ಚಾಪೆ ಹಾಸಿದರು. ನಾವು ಯಾರು, ಎಲ್ಲಿಯವರು ಎಂದು ಕೇಳಲೇ ಇಲ್ಲ. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲ, ಎರಡು ಲೋಟ ನೀರು ತಂದು ಮುಂದೆ ಇಟ್ಟರು.

ನಾನು ಕೂತಲ್ಲೇ ಹಿಂದಕ್ಕೆ ಸರಿದೆ. ನಮ್ಮಲ್ಲಿ ಹೆಣ್ಣಿನ ತಂದೆ ಗಂಡಿನ ಮನೆಯಲ್ಲಿ ಬಾಯಿ ಸಿಹಿ ಮಾಡಿಕೊಂಡರೆ ಮಾತು ಕೊಟ್ಟ ಹಾಗೆ, ಅದನ್ನು ನಿನಗೆ ಹೇಳಬೇಕಾಗಿಲ್ಲ. ನಿನ್ನ ಸೋದರತ್ತೆ ಮಲ್ಲಿಕಮ್ಮನ ಲಗ್ನ ಗಟ್ಟಿಯಾದದ್ದು ಅಜ್ಜ ಗಂಡಿನವರ ಪಡಸಾಲೆಯಲ್ಲಿ ಮರೆತು ಸಕ್ಕರೆ ಬಾಯಿಗೆ ಹಾಕಿಕೊಂಡದ್ದಕ್ಕೇ. ಆಕೆಗೆ ನಾನು ಯಾರೆಂದು ಗೊತ್ತಿಲ್ಲ, ಖರೇ. ಆದರೆ ನನಗೆ ಗೊತ್ತಲ್ಲ. ತಿಂದು ಬಂದು ಆಮೇಲೆ ಹೇಗೆ ಇಲ್ಲ ಅನ್ನಲಿ?

"ಬ್ಯಾಡ್ರಿ," ಅಂದೆ.

"ಶುಗರ್ ಉಂಟಾ?" ಎಂದರು ಪಾಪ.

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾಳೆ ಮಾತು ಮುಂದುವರಿದರೆ ಹುಡುಗಿಯ ಮನೆತನಕ್ಕೆ ಸಕ್ಕರೆ ಕಾಯಿಲೆ ಇದೆ ಅನ್ನಬಾರದಲ್ಲ. "ಇಲ್ರಿ, ನಮ್ಮ ಮನಿತನದಾಗ ಯಾರಿಗೂ ಯಾವ ಬ್ಯಾನಿನೂ ಇಲ್ರಿ," ಎಂದು ಬಿಗಿಯಾಗಿ ಹೇಳಿದೆ. ನೀರಾದರೂ ಕುಡಿಯಿರಿ ಅಂದರು. ನೀರು ಎತ್ತಿದರೆ ಬೆಲ್ಲ ಕೈಗೆ ಹಾಕುತ್ತಾರೆ ಎಂದು ಹೆದರಿ ಅದನ್ನೂ ಬೇಡ ಎಂದು ಕೈಮುಗಿದೆ. ಮೈನುದ್ದೀನ ತನ್ನ ಪಾಲಿನದು ತಿಂದು, ನನ್ನದನ್ನೂ ತಿಂದು, ನೀರನ್ನೂ ಕುಡಿದು, ಶಹಾಪುರದ ಕಥೆಯನ್ನೆಲ್ಲ ಹೇಳತೊಡಗಿದ. ಕಾಲು ತುಳಿದರೂ ಬಾಯಿ ಮುಚ್ಚಲಿಲ್ಲ.

ಹೊರಗೆ ಬರುವ ಹೊತ್ತಿಗೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅವರ ಗೇಟಿನ ಎದುರೇ ಗಾಡಿಯ ಡ್ರಮ್ಮಿನಿಂದ ನೀರು ಹಿಡಿದು ಒಂದೇ ಉಸಿರಿಗೆ ಕುಡಿದೆ. ಕಾದ ನೀರು. ಆದರೂ ಮಾತಿಗೆ ಸಿಕ್ಕಿಕೊಳ್ಳದೆ ಪಾರಾದೆ ಎಂದು ಖುಷಿಯಾಯಿತು. ಜಾಣತನ ಮಾಡಿದೆನೋ ಇಲ್ಲವೋ ನೀನೇ ಹೇಳು.

ಊರು ಚೆನ್ನಾಗಿದೆ. ನೀರು ಚೆನ್ನಾಗಿದೆ. ಮಾತೂ ಚೆನ್ನಾಗಿದೆ. ಇಷ್ಟು ಮಾತ್ರ ಬರೆಯಬಲ್ಲೆ, ಮುಂದಿನದು ಬರೆಯಲು ಕೈ ಬರುತ್ತಿಲ್ಲ.

ಅಪ್ಪ


ಸೈದಾಪುರ
ಮೇ 10, 2025

ಅಪ್ಪಾ,

ನಿನ್ನ ಕಾಗದ ಬರುವ ಮೊದಲೇ ಉಮಾಕಾಂತನ ಫೋನ್ ಬಂದಿತ್ತು. ನೀನು ಜಾಣತನ ಅಂದುಕೊಂಡದ್ದು ಅಲ್ಲಿ ಏನಾಗಿದೆ ಗೊತ್ತೇ?

ಯಾರೋ ಇಬ್ಬರು ಮನೆಯಂಥ ಗಾಡಿಯಲ್ಲಿ ಬಂದಿದ್ದರು, ಒಬ್ಬರು ಶಹಾಪುರ ಅಂದರು ಎಂದು ತುಳಸಿಯವರು ಮಗನಿಗೆ ಹೇಳಿದ್ದಾರೆ. ಅವನಿಗೆ ಆಗಲೇ ತಿಳಿಯಿತು. ಆಮೇಲೆ ಅವರಿಗೂ ತಿಳಿಯಿತು. ಬಂದವರು ಹುಡುಗಿಯ ತಂದೆ. ಮನೆ ನೋಡಿದರು, ಮೀನು ನೋಡಿದರು, ಬೆಲ್ಲ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ, ಹೊರಗೆ ಹೋಗಿ ಗೇಟಿನ ಎದುರಿಗೇ ತಮ್ಮ ನೀರು ಕುಡಿದರು. ತುಳಸಿಯವರು ಬಾಗಿಲಲ್ಲಿ ನಿಂತು ನೋಡಿದ್ದಾರೆ ಅಪ್ಪಾ. "ನಮ್ಮ ಕೈಯ ನೀರು ಆಗದವರಿಗೆ ನಮ್ಮ ಮನೆ ಹೇಗಾಗ್ತದೆ, ಆ ಹುಡುಗಿಗೆ ತೊಂದ್ರೆ ಕೊಡಬೇಡ, ಬಿಟ್ಟುಬಿಡು," ಎಂದು ಮಗನಿಗೆ ಹೇಳಿದ್ದಾರೆ. ಸಿಟ್ಟಿನಿಂದಲ್ಲ. ಅಳುತ್ತ ಹೇಳಿದರಂತೆ.

ಕರಾವಳಿಯಲ್ಲಿ ಬಿಸಿಲಿನಿಂದ ಬಂದವರಿಗೆಲ್ಲ ಬೆಲ್ಲ ನೀರು ಕೊಡುತ್ತಾರೆ. ಅದು ಬಾಯಾರಿಕೆಗೆ ಕೊಡುವುದು. ಅಲ್ಲಿ ಅದಕ್ಕೆ ಬೇರೆ ಯಾವ ಅರ್ಥವೂ ಇಲ್ಲ.

ಅಜ್ಜ ಕುರಿ ಹೊಡೆದುಕೊಂಡು ಹೋದಾಗ ಕೆಲವು ಮನೆಗಳಲ್ಲಿ ಮೇಲಿನಿಂದ ಬೊಗಸೆಗೆ ನೀರು ಸುರಿಯುತ್ತಿದ್ದರು ಎಂದು ನೀನೇ ನನಗೆ ಹೇಳಿದ್ದೆ. ಅದನ್ನು ಹೇಳುವಾಗ ಪ್ರತಿ ಸಲ ನಿನ್ನ ದನಿ ಬದಲಾಗುತ್ತಿತ್ತು. ಅವರಿಗೆ ಈಗ ಹಾಗೇ ಆಗಿದೆ, ನಿನ್ನಿಂದ.

ನೀನು ಹಾಗೆಂದುಕೊಂಡು ಮಾಡಲಿಲ್ಲ ಎಂದು ನನಗೆ ಗೊತ್ತು. ನಿನ್ನ ಕಾಗದ ಓದಿ ಬಿಪಿ ಭಾಗಕ್ಕೆ ನಕ್ಕೆ, ಡ್ರಮ್ಮಿನ ಭಾಗಕ್ಕೆ ಅತ್ತೆ. ನಾನು ಉಮಾಕಾಂತನಿಗೆ ವಿವರಿಸಿದೆ, ಅವನು ತಾಯಿಗೆ ವಿವರಿಸಿದ. ಅವರು, "ಇರಲಿ ಬಿಡು," ಅಂದರಂತೆ. ನಾನು ಹೇಳಿದರೆ ಅದು ಸಮಜಾಯಿಷಿ ಆಗುತ್ತದೆ. ಹೇಳಬೇಕಾದವನು ನೀನು.

ಅವರ ವಿಳಾಸ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಬರೆಯುವುದು ಬಿಡುವುದು ನಿನಗೆ ಸೇರಿದ್ದು. ವರ್ಗಾವಣೆಯ ಅರ್ಜಿ ಜೂನ್ ಮುಗಿಯುವುದರೊಳಗೆ ಕೊಡಬೇಕು. ನಿನ್ನ ಮಾತಿಲ್ಲದೆ ಕೊಡುವುದಿಲ್ಲ ಅಂದಿದ್ದೆ, ಈಗಲೂ ಅದೇ ಮಾತು.

ಸರೋಜಾ


ಶಹಾಪುರ
ಮೇ 14, 2025

ಅಂಕೋಲೆಯ ತುಳಸಿಯವರಿಗೆ ಶಹಾಪುರದ ಹಣಮಂತ್ರಾಯ ಕೈಮುಗಿದು ಬರೆಯುವುದು.

ಮೊನ್ನೆ ನಿಮ್ಮ ಮನೆಗೆ ಬಂದು ಬೆಲ್ಲ ನೀರು ಬೇಡ ಎಂದವನು ನಾನೇ. ಹೆಸರು ಹೇಳದೆ ಬಂದದ್ದು ಒಂದು ತಪ್ಪು. ನಿಮ್ಮ ಬಾಗಿಲಲ್ಲಿ ನಿಂತು ನನ್ನ ನೀರು ಕುಡಿದದ್ದು ಅದಕ್ಕಿಂತ ದೊಡ್ಡ ತಪ್ಪು. ಅದು ಹೇಗೆ ಕಾಣುತ್ತದೆ ಎಂದು ಆಗ ಹೊಳೆಯಲಿಲ್ಲ. ಮಗಳು ಬರೆದ ಮೇಲೆ ಹೊಳೆಯಿತು, ಅವತ್ತಿನಿಂದ ಊಟ ಸೇರುತ್ತಿಲ್ಲ.

ನಮ್ಮ ಕಡೆ ಹೆಣ್ಣಿನ ತಂದೆ ಗಂಡಿನವರ ಮನೆಯಲ್ಲಿ ಸಿಹಿ ತಿಂದರೆ ಹೆಣ್ಣು ಕೊಟ್ಟ ಹಾಗೆ. ನಿಮ್ಮ ಕೈಯ ನೀರು ನನಗೆ ಆಗದೆ ಇಲ್ಲ. ಕುಡಿಯಲು ಬಹಳ ಆಸೆಯಿತ್ತು. ಕುಡಿದರೆ ಮಗಳನ್ನು ಕೊಡಬೇಕಾಗುತ್ತದೆ ಎಂದು ಹೆದರಿದೆ.

ನಿಮ್ಮ ಮನೆ ಸರಿಯಿಲ್ಲ ಎಂದಲ್ಲ. ಸರಿಯಾಗಿದೆ, ಅದೇ ನನಗೆ ಕಷ್ಟವಾಯಿತು. ಏನಾದರೂ ಕುಂದು ಸಿಕ್ಕಿದ್ದರೆ ಬೇಡ ಎಂದು ಆರಾಮಾಗಿ ಮರಳುತ್ತಿದ್ದೆ. ಕುಂದು ಹುಡುಕಲೆಂದೇ ಅಷ್ಟು ದೂರ ಬಂದಿದ್ದೆ. ಯಾರು ಎಂದೂ ಕೇಳದೆ ಚಾಪೆ ಹಾಸಿದಿರಿ. ಹೆಂಡತಿ ರೇಣಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ದನಿ ಅಂತ ಇರುವುದು ಸರೋಜಾಳದು ಮಾತ್ರ. ಅದನ್ನು ಕಳಿಸಿಕೊಡಲು ಮನಸ್ಸು ಬರಲಿಲ್ಲ.

ಇದನ್ನು ಮಗಳಿಗೂ ಇಷ್ಟು ಬಿಡಿಸಿ ಹೇಳಿಲ್ಲ. ನಿಮಗೆ ಹೇಳಬೇಕೆನಿಸಿತು.

ನಿಮ್ಮ ಮನಸ್ಸು ನೋಯಿಸಿದವನು,
ಹಣಮಂತ್ರಾಯ


ಅಂಕೋಲೆ
ಮೇ 25, 2025

ಶಹಾಪುರದ ಹಣಮಂತ್ರಾಯರಿಗೆ ತುಳಸಿಯ ನಮಸ್ಕಾರ.

ಕಾಗದ ಬಂತು. ನಾನು ಏಳನೇ ಇಯತ್ತೆವರೆಗೆ ಕಲಿತವಳು, ಅಕ್ಷರ ದೊಡ್ಡದಾಗಿ ಬರೀತೇನೆ, ಬೇಸರ ಮಾಡಬೇಡಿ. ಮಗನ ಕೈಲಿ ಬರೆಸಬಹುದಿತ್ತು. ಅವನು ನಡುವೆ ತನ್ನ ಮಾತು ಸೇರಿಸ್ತಾನೆ.

ಗಂಡ ಹೋದ ಮೇಲೆ ನಾನು ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಮೇಲಿನ ಊರುಗಳಿಗೆ ಹೋಗ್ತಿದ್ದೆ. ಮೀನು ಖುಷಿಯಿಂದ ತಗೊಂಡವರೇ ನೀರು ಕೇಳಿದರೆ ತೆಂಗಿನ ಗರಟೆಯಲ್ಲಿ ಕೊಡ್ತಿದ್ದರು. ಕುಡಿದು ಗರಟೆ ಬೇಲಿಯಾಚೆ ಎಸೆಯಬೇಕು. ಅವತ್ತು ನೀವು ಡ್ರಮ್ಮಿನ ನೀರು ಕುಡಿದಾಗ ಅದೆಲ್ಲ ನೆನಪಾಗಿ ಬಹಳ ನೋವಾಯಿತು. ನಿಮ್ಮ ಕಾಗದ ಓದಿದ ಮೇಲೆ ಹೋಯಿತು. ಪೂರಾ ಹೋಯಿತು ಎಂದರೆ ಸುಳ್ಳಾಗ್ತದೆ, ಹೆಚ್ಚಿನದು ಹೋಯಿತು.

ಸಿಹಿಗೆ ನಿಮ್ಮಲ್ಲಿ ಅಷ್ಟು ತೂಕ ಎಂದು ನನಗೆಂತ ಗೊತ್ತು? ನಾವು ಕರೆಂಟ್ ಬಿಲ್ ಕೊಡಲಿಕ್ಕೆ ಬಂದವನಿಗೂ ಬೆಲ್ಲ ಕೊಡ್ತೇವೆ. ಅವನ ಮಗಳನ್ನು ಕೇಳುವುದಿಲ್ಲ. ನಿಮ್ಮ ಸ್ನೇಹಿತರು ಎರಡು ಪಾಲು ತಿಂದರಲ್ಲ, ಅವರಿಗೂ ಮಗಳಿದ್ದರೆ ಹುಷಾರಾಗಿರಲಿಕ್ಕೆ ಹೇಳಿ.

ಜೂನ್ ಬಂದರೆ ಬೋಟುಗಳೆಲ್ಲ ದಡಕ್ಕೆ ಬರ್ತವೆ, ಮೀನಿಗೆ ರಜೆ, ನನಗೂ ರಜೆ. ಆಗ ನಿಮ್ಮೂರಿಗೆ ಬರ್ತೇನೆ. ನಿಮ್ಮಲ್ಲಿ ಒಂದು ಮಾತು ಕೇಳುವುದುಂಟು, ಅದನ್ನು ಬರೆದು ಕೇಳಲಿಕ್ಕೆ ಬರುವುದಿಲ್ಲ. ಉಮಾಕಾಂತನನ್ನು ಕರೆತರುವುದಿಲ್ಲ. ನೀವೂ ಸರೋಜಾಳಿಗೆ ಹೇಳಬೇಡಿ. ಮಕ್ಕಳು ಎದುರಿಗಿದ್ದರೆ ದೊಡ್ಡವರು ನಿಜ ಮಾತಾಡುವುದಿಲ್ಲ.

ನಿಮಗೆ ಒಣಸಿಗಡಿ ಆಗ್ತದಾ? ಆಗದಿದ್ದರೂ ತರ್ತೇನೆ.

ತುಳಸಿ


ಶಹಾಪುರ
ಜೂನ್ 11, 2025

ಸರೂ, ನನ್ನವ್ವಾ,

ನಿನಗೆ ಹೇಳದೆ ಒಂದು ಕೆಲಸ ನಡೆದಿದೆ. ಕೂತು ಓದು, ನಿಂತುಕೊಂಡು ಓದಬೇಡ.

ತುಳಸಿಯವರು ನಿನ್ನೆ ಬಂದಿದ್ದರು. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಕೈಯಲ್ಲಿ ಒಣಸಿಗಡಿಯ ಚೀಲ ಹಿಡಿದು, ಒಬ್ಬರೇ. ಆ ಚೀಲದ ದೆಸೆಯಿಂದ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಯಿತಂತೆ, ಆರಾಮಾಗಿ ಕಾಲು ಚಾಚಿಕೊಂಡು ಬಂದೆ ಅಂದರು. ಮೈನುದ್ದೀನ ಅದೇ ಗಾಡಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಕರೆತಂದ. ಇಲ್ಲಿ ಇನ್ನೂ ಮಳೆ ಇಲ್ಲ. ಪಡಸಾಲೆಗೆ ಬಂದು ಕೂತವರು ಸೆರಗಿನಿಂದ ಗಾಳಿ ಹಾಕಿಕೊಂಡು, "ಇದೆಂತ ಬಿಸಿಲು, ಒಲೆಯೊಳಗೆ ಕೂತ ಹಾಗೆ," ಅಂದರು.

ಮೈನುದ್ದೀನನ ಹೆಂಡತಿ ಶರಬತ್ತು ಮಾಡಿ ಕಳಿಸಿದ್ದಳು. ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ.

"ನಂಗೆ ಬರೀ ನೀರು ಕೊಡಿ."

"ಯಾಕ್ರಿ, ಇನ್ನಾ ಸಿಟ್ಟೈತೇನ್ರಿ?" ಎಂದೆ.

"ಸಿಟ್ಟಲ್ಲ. ನಿಮ್ಮಲ್ಲಿ ಸಿಹಿ ತಿಂದ್ರೆ ಮಾತು ಗಟ್ಟಿ ಅಂತ ಬರೆದ್ರಲ್ಲ. ನಿಮ್ಮನ್ನು ಕಟ್ಟಿಹಾಕ್ಲಿಕ್ಕೆ ನಾನು ಬಂದದ್ದಲ್ಲ."

ಚಹಾನೂ ಬೇಡ ಅಂದರು, ಅದರಲ್ಲೂ ಸಕ್ಕರೆ ಇರುತ್ತದಲ್ಲ. ಅಷ್ಟು ಬಿಸಿಲಲ್ಲಿ ಬಂದ ಹೆಣ್ಣುಮಗಳು ತಂಬಿಗೆ ನೀರನ್ನೇ ಎರಡು ಸಲ ಕೇಳಿ ಕುಡಿದರು. ಆಮೇಲೆ ಜೋಳದ ರೊಟ್ಟಿ, ಪುಂಡಿ ಪಲ್ಯ ಊಟ. ರೊಟ್ಟಿ ಮುರಿಯಲು ಬರದೆ ಎರಡೂ ಕೈ ಹಚ್ಚಿದರು. ಮೈನುದ್ದೀನ ಮುರಿದು ಮುರಿದು ಕೊಟ್ಟ.

ಊಟ ಮುಗಿದ ಮೇಲೆ ಕೇಳಿದರು. "ಸರೋಜಾ ನಮ್ಮಲ್ಲಿಗೆ ಬಂದ್ರೆ ನೀವು ಎಂತ ಮಾಡ್ತೀರಿ?"

ನೀನು ಮದುವೆ ಅಂದಾಗಿನಿಂದ ಜಾತಿ ಕೇಳಿದವರಿದ್ದಾರೆ, ಸಂಬಳ ಕೇಳಿದವರಿದ್ದಾರೆ. ಬೀರೇಶ ಹುಡುಗನ ಎತ್ತರ ಕೂಡ ಕೇಳಿದ. ಇದನ್ನು ಒಬ್ಬರೂ ಕೇಳಿರಲಿಲ್ಲ ಮಗಳೇ. ನನ್ನಷ್ಟಕ್ಕೆ ನಾನೂ ಕೇಳಿಕೊಂಡಿರಲಿಲ್ಲ. ನೀನು ಎರಡು ವಾರಕ್ಕೊಮ್ಮೆ ಬಂದು ಅಂಗಿ ಒಗೆಯುತ್ತ, ಗುಳಿಗೆ ಎಣಿಸುತ್ತ ಬೈಯುತ್ತೀಯಲ್ಲ, ಅದನ್ನು ಹೇಳಿದೆ. "ಅಕಿ ಬೈಲಿಲ್ಲಂದ್ರ ನನಗ ಅನ್ನ ರುಚಿ ಹತ್ತಂಗಿಲ್ರಿ," ಎಂದೆ. 

ಅವರು ತಂಬಿಗೆ ಬದಿಗಿಟ್ಟರು. ಆಮೇಲೆ, "ಹಾಗಾದ್ರೆ ಈಗ ಎಂತದೂ ಹೇಳಬೇಡಿ. ಉಮಾಕಾಂತ ಕಾಯ್ತಾನೆ, ನಾನು ಹೇಳ್ತೇನೆ. ನಿಮ್ಮ ಮನೆ ಬರಿದು ಮಾಡಿ ನಂದು ತುಂಬ್ಕಣ್ಲಿಕ್ಕೆ ನಂಗೆ ಮನಸಿಲ್ಲ," ಎಂದು ಎದ್ದರು. ಸಂಜೆ ಬಸ್ಸಿಗೆ ಮರಳಿಬಿಡುತ್ತೇನೆ ಅಂದರು. ಇರ್ರಿ ಅಂದರೂ ಕೇಳಲಿಲ್ಲ.

ಬಸ್ ಸ್ಟ್ಯಾಂಡಿಗೆ ಹೋದೆವು. ಅವರು ಕಿಟಕಿಯ ಪಕ್ಕ ಕೂತರು. ನಾನು ಕೆಳಗೆ ನಿಂತೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹಿಂದಕ್ಕೆ ಸರಿಯಿತು. ನನಗೆ ಏನಾಯಿತೋ ಗೊತ್ತಿಲ್ಲ ಸರೂ, ಓಡಿದೆ. ಬಸ್ಸಿನ ಕಡೆಗಲ್ಲ, ಅಯಾಜನ ಚಹಾದ ಅಂಗಡಿಗೆ. ಕೇಳದೆ ಅವನ ಸಕ್ಕರೆ ಡಬ್ಬಕ್ಕೆ ಕೈ ಹಾಕಿ ಹಿಡಿ ತುಂಬ ತೆಗೆದೆ. "ಕಾಕಾ, ಏನ್ ಮಾಡಾಕತ್ತೀರಿ?" ಎಂದು ಅವನು ಕೂಗುತ್ತಲೇ ಇದ್ದ. ಬಸ್ಸಿನ ಮುಂದೆ ಹೋಗಿ ನಿಂತೆ. ಡ್ರೈವರ್ ಬ್ರೇಕ್ ಹಾಕಿ ಬಾಯಿಗೆ ಬಂದಂತೆ ಬೈದ. ಬೈಯಲಿ.

ಕಿಟಕಿಯ ಕೆಳಗೆ ಬಂದು ಹೇಳಿದೆ: "ತುಳಸವ್ವಾರ, ಅಕಿ ಹೋದ ಮ್ಯಾಲ ನಾ ಏನ್ ಮಾಡ್ತೀನಿ, ನನಗ ಖರೇನೇ ಗೊತ್ತಿಲ್ರಿ. ಆದ್ರ ಅದನ್ನ ಕೇಳಾಕಂತ ಇಷ್ಟ್ ದೂರ ಬಂದವ್ರು ನೀವೊಬ್ರೇ. ಇಂಥಾ ಮನಿಗಿ ಕೊಡಲಾರದ ನನ್ನ ಮಗಳನ್ನ ಇನ್ನೆಲ್ಲಿ ಕೊಡ್ಲಿ?"

ಮೊದಲು ನಾನು ಬಾಯಿಗೆ ಹಾಕಿಕೊಂಡೆ, ಆಮೇಲೆ ಕೈ ಮೇಲೆ ಚಾಚಿದೆ. ಅವರು ನನ್ನ ಮುಖವನ್ನೇ ನೋಡಿದರು. "ಆಮೇಲೆ ಬೇಜಾರಾಗ್ತದೆ ನಿಮಗೆ," ಅಂದರು. "ಆಗ್ತೈತ್ರಿ, ಆಗ್ಲಿ," ಅಂದೆ. ಆಗ ಎರಡೂ ಕೈ ಹೊರಗೆ ಚಾಚಿ ತೆಗೆದುಕೊಂಡರು. ಅರ್ಧ ಸಕ್ಕರೆ ನೆಲಕ್ಕೆ ಬಿತ್ತು. ತಿನ್ನುತ್ತ ಅಳುತ್ತಿದ್ದರು, ಪಕ್ಕದಲ್ಲಿ ಕೂತ ಗುರುಮಠಕಲ್ಲಿನ ಹೆಂಗಸು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದಳು. ಅವಳಿಗೂ ಸಕ್ಕರೆ ಕೊಟ್ಟರು. ಬಸ್ಸು ಹೋಯಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಸುಳ್ಳು ಹೇಳುವುದಿಲ್ಲ, ಇವತ್ತು ಬೆಳಗ್ಗೆಯೂ ಅತ್ತೆ. ಆದರೆ ಕೊಟ್ಟ ಮಾತು ಕೊಟ್ಟದ್ದೇ, ನನಗೆ ಅದರಲ್ಲಿ ಸಂತೋಷವಿದೆ. ಈ ಕಾಗದ ಕೈಸೇರಿದ ಕೂಡಲೇ ಹೋಗಿ ಅರ್ಜಿ ಕೊಡು.

ಶನಿವಾರ ಬಾ. ಅಂಗಿಗಳನ್ನು ಒಗೆಯದೆ ಇಟ್ಟಿದ್ದೇನೆ. ಹೋಗುವ ಮೊದಲು ಎಷ್ಟು ಬೈಯುತ್ತೀಯೋ ಬೈದು ಹೋಗು.

ನಿನ್ನನ್ನು ಕೊಟ್ಟ ಅಪ್ಪ,
ಹಣಮಂತ್ರಾಯ